ಪಾಸ್‌ವರ್ಡ್ ಅವಧಿ ಮುಗಿದ ಮನೆ ಕಂಪ್ಯೂಟರ್: ಮತ್ತೆ ಒಳಗೆ ಹೋಗುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ ವಿಂಡೋಸ್ 11 ಇರುವ ಕಂಪ್ಯೂಟರ್ ಇದೆ. ದಿನವೂ ನಾಲ್ಕಂಕಿಯ ಪಿನ್ ಒತ್ತಿ ತೆರೆಯುತ್ತಿದ್ದೆವು. ಈಗ ಇದ್ದಕ್ಕಿದ್ದಂತೆ ಪಾಸ್‌ವರ್ಡ್ ಅವಧಿ ಮುಗಿದಿದೆ, ಬದಲಾಯಿಸಲೇಬೇಕು ಎಂಬ ಸಂದೇಶ ಬರುತ್ತಿದೆ. ಓಕೆ ಒತ್ತಿದರೆ ಹಳೆಯ ಪಾಸ್‌ವರ್ಡ್ ಕೇಳುತ್ತದೆ, ಪಿನ್ ಹಾಕಿದರೆ ತಪ್ಪು ಎನ್ನುತ್ತದೆ. ಫೋಟೊಗಳು, ಮಕ್ಕಳ ಓದಿನ ಫೈಲ್‌ಗಳು ಎಲ್ಲವೂ ಒಳಗಿವೆ. ವಿಂಡೋಸನ್ನೇ ಹೊಸದಾಗಿ ಹಾಕಬೇಕು ಎಂದು ಗೊತ್ತಿರುವವರೊಬ್ಬರು ಹೇಳುತ್ತಿದ್ದಾರೆ. ಬೇರೆ ದಾರಿಯಿಲ್ಲವೇ? ನಾವು ಯಾರೂ ಇಂಥ ಅವಧಿ ಇಟ್ಟೇ ಇರಲಿಲ್ಲ. ಇದು ಎಲ್ಲಿಂದ ಬಂತು?

ಉತ್ತರ: ವಿಂಡೋಸ್ ಹೊಸದಾಗಿ ಹಾಕುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಅವಧಿ ಮುಗಿದ ಪಾಸ್‌ವರ್ಡ್ ಎಂದರೆ ಸತ್ತುಹೋದ ಪಾಸ್‌ವರ್ಡ್ ಅಲ್ಲ. ಕಂಪ್ಯೂಟರ್ ಅದನ್ನು ಈಗಲೂ ಗುರುತಿಸುತ್ತದೆ. "ಹಳೆಯದನ್ನು ಒಮ್ಮೆ ಹೇಳಿ, ಹೊಸದೊಂದನ್ನು ಇಟ್ಟುಕೊಂಡು ಒಳಗೆ ಬನ್ನಿ" ಎಂದಷ್ಟೇ ಅದು ಕೇಳುತ್ತಿರುವುದು. ನಿಮ್ಮ ಫೈಲ್‌ಗಳಿಗೆ ಏನೂ ಆಗಿಲ್ಲ. ಈಗ ಮಾಡಬೇಕಾದ ಮುಖ್ಯ ಕೆಲಸ ಆ ಹಳೆಯ ಪಾಸ್‌ವರ್ಡ್ ಯಾವುದೆಂದು ಪತ್ತೆ ಮಾಡುವುದು. ಅದಕ್ಕೆ ಒಂದು ಗಂಟೆ ಹಿಡಿದರೂ ಪರವಾಗಿಲ್ಲ. ಬಲವಂತದ ದಾರಿಗಳಲ್ಲಿ ಕಳೆದುಕೊಳ್ಳುವುದು ಏನಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಿಮ್ಮ ತೊಡಕು ಪಿನ್‌ನಲ್ಲೇ ಇದೆ. ಪಿನ್ ಬೇರೆ, ಪಾಸ್‌ವರ್ಡ್ ಬೇರೆ. ಪಿನ್ ಆ ಒಂದು ಕಂಪ್ಯೂಟರಿಗೆ ಮಾತ್ರ ಸೇರಿದ್ದು. ಪಾಸ್‌ವರ್ಡ್ ಖಾತೆಗೆ ಸೇರಿದ್ದು. ಪಿನ್ ಇಡುವ ಮೊದಲು ಖಾತೆಗೆ ಸಾಮಾನ್ಯವಾಗಿ ಪಾಸ್‌ವರ್ಡ್ ಒಂದು ಇರುತ್ತದೆ, ಆಮೇಲೆ ವರ್ಷಗಟ್ಟಲೆ ಅದನ್ನು ಟೈಪ್ ಮಾಡುವ ಪ್ರಸಂಗವೇ ಬರುವುದಿಲ್ಲ. ಅವಧಿ ಮುಗಿಯುವುದು ಪಾಸ್‌ವರ್ಡಿಗೆ. ಹಾಗಾಗಿ ಹಳೆಯ ಪಾಸ್‌ವರ್ಡ್ ಎಂಬ ಜಾಗದಲ್ಲಿ ಪಿನ್ ಹಾಕಿದರೆ ಅದು ಒಪ್ಪುವುದೇ ಇಲ್ಲ. ಕಂಪ್ಯೂಟರ್ ತಂದ ದಿನ ಅದನ್ನು ಸಿದ್ಧಪಡಿಸಿಕೊಟ್ಟವರು ಯಾರು, ಆಗ ಏನು ಟೈಪ್ ಮಾಡಿದ್ದರು ಎಂದು ನೆನಪಿಸಿಕೊಳ್ಳಿ, ಅವರನ್ನೇ ಕೇಳಿ. ಹಳೆಯ ಡೈರಿ, ಕಂಪ್ಯೂಟರಿನ ಬಿಲ್ಲಿನ ಹಿಂಬದಿ, ಫೋನಿನ ನೋಟ್ಸ್ ಎಲ್ಲವನ್ನೂ ಹುಡುಕಿ.

ಇನ್ನೊಂದು ಸಾಧ್ಯತೆಯನ್ನು ಬಹಳಷ್ಟು ಜನ ಯೋಚಿಸುವುದೇ ಇಲ್ಲ: ಪಾಸ್‌ವರ್ಡ್ ಖಾಲಿ ಇರಬಹುದು. ಬೇರೆಯವರು ಜೋಡಿಸಿ, ವಿಂಡೋಸ್ ಹಾಕಿಕೊಟ್ಟ ಯಂತ್ರಗಳಲ್ಲಿ ಪಾಸ್‌ವರ್ಡ್ ಇಡದೆ ಬಿಟ್ಟ ಖಾತೆ ಸಾಮಾನ್ಯ. ಅಂಥ ಖಾತೆಗೂ ಅವಧಿ ಮುಗಿಯುತ್ತದೆ. ಆಗ ಹಳೆಯ ಪಾಸ್‌ವರ್ಡಿನ ಜಾಗವನ್ನು ಖಾಲಿಯೇ ಬಿಡಬೇಕು. ಅಲ್ಲಿ ಏನು ಬರೆದರೂ ತಪ್ಪಾಗುತ್ತದೆ.

ಈಗ ಆ ಪರದೆಯನ್ನೇ ಸರಿಯಾಗಿ ನೋಡಿ. ಸಂದೇಶಕ್ಕೆ ಓಕೆ ಒತ್ತಿದ ಮೇಲೆ ಬಳಕೆದಾರರ ಹೆಸರಿನ ಕೆಳಗೆ ಒಂದರ ಕೆಳಗೊಂದು ಪೆಟ್ಟಿಗೆಗಳು ಬರುತ್ತವೆ: ಹಳೆಯ ಪಾಸ್‌ವರ್ಡ್, ಹೊಸದು, ಹೊಸದು ಇನ್ನೊಮ್ಮೆ. ಹಳೆಯದು ತಾನಾಗಿ ತುಂಬಿಕೊಂಡಂತೆ ಚುಕ್ಕಿಗಳು ಕಂಡರೆ ಅದನ್ನು ನಂಬಬೇಡಿ, ಅಳಿಸಿ ನೀವೇ ಟೈಪ್ ಮಾಡಿ. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗಲು ಟ್ಯಾಬ್ ಕೀ ಬಳಸಿ, ಅಥವಾ ಮೌಸಿನಿಂದ ಕ್ಲಿಕ್ ಮಾಡಿ. ಮೊದಲ ಪೆಟ್ಟಿಗೆ ತುಂಬಿದ ಕೂಡಲೇ ಅಭ್ಯಾಸಬಲದಿಂದ ಎಂಟರ್ ಒತ್ತಿದರೆ ಹೊಸ ಪಾಸ್‌ವರ್ಡ್ ಖಾಲಿ ಎಂದುಕೊಂಡು ವಿಂಡೋಸ್ ತಪ್ಪು ತೋರಿಸುತ್ತದೆ. ಹಳೆಯ ಪಾಸ್‌ವರ್ಡ್ ಸರಿಯಿದ್ದೂ "ಇದೂ ಅಲ್ಲ" ಎಂದು ಕೈಬಿಡುವವರು ಎಡವುವುದು ಇಲ್ಲೇ. ಮೂರೂ ತುಂಬಿದ ಮೇಲೆ ಕೊನೆಯ ಪೆಟ್ಟಿಗೆಯ ಪಕ್ಕದ ಬಾಣ ಒತ್ತಿ. ತಪ್ಪು ಬಂದರೆ ಆ ಸಾಲನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡು ನಿಧಾನವಾಗಿ ಓದಿ: ಹಳೆಯದು ತಪ್ಪು ಎನ್ನುತ್ತಿದೆಯೋ, ಹೊಸದು ನಿಯಮಕ್ಕೆ ಹೊಂದುತ್ತಿಲ್ಲ ಎನ್ನುತ್ತಿದೆಯೋ, ಎರಡು ಸಲ ಬರೆದದ್ದು ಒಂದೇ ಇಲ್ಲ ಎನ್ನುತ್ತಿದೆಯೋ. ಮೂರಕ್ಕೂ ಪರಿಹಾರ ಬೇರೆ ಬೇರೆ.

ಹಳೆಯದು ತಪ್ಪು ಎಂದರೆ ಕೀಬೋರ್ಡನ್ನು ಅನುಮಾನಿಸಿ. ಕನ್ನಡದಲ್ಲಿ ಟೈಪ್ ಮಾಡುವ ಮನೆಗಳಲ್ಲಿ ಭಾಷೆ ಬದಲಾಗಿರುವ ಸಾಧ್ಯತೆ ಹೆಚ್ಚು. ಪರದೆಯ ಕೆಳಗೆ ಬಲಮೂಲೆಯಲ್ಲಿ ಭಾಷೆಯ ಗುರುತು ಇರುತ್ತದೆ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಕ್ಯಾಪ್ಸ್ ಲಾಕ್ ನೋಡಿ. ಬಲಬದಿಯ ಅಂಕಿ ಕೀಗಳನ್ನು ಬಳಸುವವರಾದರೆ ನಮ್ ಲಾಕ್ ಆರಿಹೋಗಿರಬಹುದು. ಅದೇ ಮೂಲೆಯ ಆಕ್ಸೆಸಿಬಿಲಿಟಿ ಚಿಹ್ನೆ ಒತ್ತಿ ಆನ್-ಸ್ಕ್ರೀನ್ ಕೀಬೋರ್ಡ್ ತೆರೆದು ಅದರಲ್ಲಿ ಒಂದೊಂದೇ ಅಕ್ಷರ ಒತ್ತಿ ನೋಡಿ. ಒಂದು ಕೀ ಕೆಟ್ಟಿದ್ದರೆ ಅದೂ ಗೊತ್ತಾಗುತ್ತದೆ. ಪೆಟ್ಟಿಗೆಯ ತುದಿಯಲ್ಲಿ ಕಣ್ಣಿನ ಚಿಹ್ನೆ ಕಂಡರೆ ಅದನ್ನು ಒತ್ತಿ ಹಿಡಿದು, ಬರೆದದ್ದು ಸರಿಯಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ಎಷ್ಟು ಸಲ ಪ್ರಯತ್ನಿಸಬಹುದು? ವಿಂಡೋಸ್ 11ರ 2022ರ ಆವೃತ್ತಿಯಿಂದೀಚೆಗೆ ಹೊಸದಾಗಿ ಸಿದ್ಧವಾದ ಯಂತ್ರಗಳಲ್ಲಿ 10 ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಖಾತೆ 10 ನಿಮಿಷ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಸರಿಯಾದದ್ದನ್ನು ಹಾಕಿದರೂ ಒಪ್ಪುವುದಿಲ್ಲ. ಹಾಗಾಗಿ ನೆನಪಿಗೆ ಬಂದ ಊಹೆಗಳನ್ನು ಕಾಗದದ ಮೇಲೆ ಬರೆದುಕೊಂಡು, ಹಾಕಿ ನೋಡಿದ್ದನ್ನು ಹೊಡೆದುಹಾಕುತ್ತಾ ಹೋಗಿ. ಐದಾರು ಸಲ ತಪ್ಪಿದ ಮೇಲೆ ಕಾಲು ಗಂಟೆ ಬಿಟ್ಟು ಮುಂದುವರಿಸಿ.

ಹೊಸ ಪಾಸ್‌ವರ್ಡನ್ನೇ ಒಪ್ಪದಿದ್ದರೆ ಅದು ಒಳ್ಳೆಯ ಸುದ್ದಿ, ಏಕೆಂದರೆ ಹಳೆಯದು ಸರಿಯಿದೆ ಎಂದಾಯಿತು. ಆ ಸಂದೇಶದಲ್ಲಿ ಉದ್ದ, ಸಂಕೀರ್ಣತೆ, ಇತಿಹಾಸ ಎಂಬ ಮೂರು ಮಾತುಗಳಿರುತ್ತವೆ. ಮನೆಯ ಕಂಪ್ಯೂಟರಿನಲ್ಲಿ ಇವಕ್ಕೆ ನಿಯಮ ಮೊದಲಿನಿಂದ ಇರುವುದಿಲ್ಲ. ಯಾರಾದರೂ ಇಟ್ಟಿದ್ದರೆ ಮಾತ್ರ ಇರುತ್ತದೆ. ಹಿಂದೆ ಎಂದೂ ಬಳಸದ, 14 ಅಕ್ಷರಕ್ಕಿಂತ ಉದ್ದವಾದ, ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ನಾಲ್ಕೂ ಇರುವ, ನಿಮ್ಮ ಖಾತೆಯ ಹೆಸರು ಒಳಗೆ ಬರದ ಪಾಸ್‌ವರ್ಡ್ ಕೊಡಿ. ಸಾಮಾನ್ಯವಾಗಿ ಅಷ್ಟಕ್ಕೇ ಕೆಲಸ ಆಗುತ್ತದೆ. ಬದಲಾಯಿಸಲು ಅನುಮತಿಯೇ ಇಲ್ಲ ಎಂದು ಬಂದರೆ, ಈ ಬಳಕೆದಾರರು ಪಾಸ್‌ವರ್ಡ್ ಬದಲಾಯಿಸುವಂತಿಲ್ಲ ಎಂಬ ಗುರುತು ಆ ಖಾತೆಗೆ ಹಾಕಿರಬಹುದು. ಅವಧಿ ಮುಗಿದಿದೆ, ಬದಲಾಯಿಸುವಂತೆಯೂ ಇಲ್ಲ ಎಂಬ ಇಕ್ಕಟ್ಟನ್ನು ಬಿಡಿಸಲು ಅದೇ ಕಂಪ್ಯೂಟರಿನ ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆಯೇ (ಬೇರೆ ಖಾತೆಗಳನ್ನೂ ಬದಲಾಯಿಸುವ ಅಧಿಕಾರವಿರುವ ಖಾತೆ) ಬೇಕು.

ಲಾಕ್ ಪರದೆಯ ಮೇಲಿನ ದಿನಾಂಕವನ್ನೂ ನೋಡಿ. ಪಾಸ್‌ವರ್ಡ್ ಇಟ್ಟ ದಿನದಿಂದ ಇಂದಿನವರೆಗೆ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಲು ವಿಂಡೋಸಿಗೆ ಇರುವುದು ಯಂತ್ರದ ಗಡಿಯಾರ ಒಂದೇ. ಗಡಿಯಾರ ಅಕಸ್ಮಾತ್ ಮುಂದಿನ ವರ್ಷಕ್ಕೆ ಹಾರಿದ್ದರೆ ನಿನ್ನೆ ಇಟ್ಟ ಪಾಸ್‌ವರ್ಡೂ ಅವಧಿ ಮುಗಿದದ್ದಾಗಿ ಕಾಣುತ್ತದೆ. ಕಂಪ್ಯೂಟರ್ ಆನ್ ಆಗುವಾಗ ಎಫ್2 ಅಥವಾ ಡಿಲೀಟ್ ಕೀ ಒತ್ತಿ (ಯಾವುದೆಂಬುದು ಮದರ್‌ಬೋರ್ಡಿನ ಮೇಲೆ ಅವಲಂಬಿಸಿರುತ್ತದೆ) ಬಯಾಸ್, ಅಂದರೆ ವಿಂಡೋಸಿಗಿಂತ ಮೊದಲೇ ಬರುವ ಯಂತ್ರದ ಸೆಟ್ಟಿಂಗ್ ಪರದೆ, ತೆರೆದು ದಿನಾಂಕ ಸರಿಪಡಿಸಿ. ಪ್ಲಗ್ ತೆಗೆದಾಗಲೆಲ್ಲ ದಿನಾಂಕ ಹಳೆಯ ವರ್ಷಕ್ಕೆ ಓಡಿಹೋಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿಆರ್2032 ಸೆಲ್ ಬದಲಾಯಿಸಬೇಕು. ದಿನಾಂಕ ತಪ್ಪಿದ್ದರೆ ಮೈಕ್ರೋಸಾಫ್ಟ್ ಸರ್ವರಿನ ಜೊತೆ ಸುರಕ್ಷಿತ ಸಂಪರ್ಕವೂ ಏರ್ಪಡುವುದಿಲ್ಲ, ಆಗ ಆನ್‌ಲೈನ್ ದಾರಿಗಳೂ ಮುಚ್ಚುತ್ತವೆ.

ಇಷ್ಟಾದರೂ ಹಳೆಯ ಪಾಸ್‌ವರ್ಡ್ ಸಿಗಲಿಲ್ಲ ಎಂದುಕೊಳ್ಳೋಣ. ಮುಂದಿನ ದಾರಿ ನಿಮ್ಮದು ಎಂಥ ಖಾತೆ ಎಂಬುದರ ಮೇಲೆ ನಿಂತಿದೆ. ತಪ್ಪು ಪಾಸ್‌ವರ್ಡ್ ಹಾಕಿದಾಗ ಬರುವ ಸಂದೇಶದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಎಂಬ ಮಾತು ಬಂದರೆ ಅದು ಇಮೇಲ್‌ಗೆ ಜೋಡಿಸಿದ ಖಾತೆ. ಬರೀ ಪಾಸ್‌ವರ್ಡ್ ತಪ್ಪು ಎಂದಿದ್ದು, ಕೆಳಗೆ ರೀಸೆಟ್ ಪಾಸ್‌ವರ್ಡ್ ಎಂಬ ಕೊಂಡಿಯೋ ಒಂದು ಸುಳಿವಿನ ಮಾತೋ ಕಂಡರೆ ಅದು ಆ ಕಂಪ್ಯೂಟರಿನಲ್ಲಷ್ಟೇ ಇರುವ ಲೋಕಲ್ ಖಾತೆ. ಕಂಪನಿಯವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಇವೆರಡೂ ಅಲ್ಲ. ಅದನ್ನು ಅವರ ಐಟಿ ವಿಭಾಗವೇ ಸರಿಮಾಡಬೇಕು, ನೀವು ಕೈಹಾಕಬೇಡಿ.

ಮೈಕ್ರೋಸಾಫ್ಟ್ ಖಾತೆಯಾದರೆ ಕೆಲಸ ಹಗುರ. ಆ ಖಾತೆಯಲ್ಲಿ ಪ್ರತಿ 72 ದಿನಕ್ಕೆ ಪಾಸ್‌ವರ್ಡ್ ಬದಲಾಯಿಸುವಂತೆ ಒತ್ತಾಯಿಸು ಎಂಬ ಆಯ್ಕೆ ಇದೆ. ಎಂದೋ ಪಾಸ್‌ವರ್ಡ್ ಬದಲಾಯಿಸುವಾಗ ಅದಕ್ಕೆ ಟಿಕ್ ಬಿದ್ದಿರಬಹುದು. ಫೋನಿನ ಬ್ರೌಸರಿನಲ್ಲಿ ಅಕೌಂಟ್ ಡಾಟ್ ಲೈವ್ ಡಾಟ್ ಕಾಮ್ ತೆರೆಯಿರಿ, ಪಾಸ್‌ವರ್ಡ್ ಮರೆತಿದ್ದೇನೆ ಎಂಬುದನ್ನು ಆರಿಸಿ, ನೋಂದಾಯಿಸಿದ ಫೋನಿಗೋ ಇನ್ನೊಂದು ಇಮೇಲಿಗೋ ಬರುವ ಕೋಡ್ ಹಾಕಿ ಹೊಸ ಪಾಸ್‌ವರ್ಡ್ ಇಡಿ. ಕನಿಷ್ಠ 8 ಅಕ್ಷರ ಇರಬೇಕು. ಆಮೇಲೆ ಒಂದು ಮುಖ್ಯ ಹೆಜ್ಜೆ ಇದೆ. ಹೊಸ ಪಾಸ್‌ವರ್ಡ್ ಬಂದಿರುವುದು ಸರ್ವರಿಗೆ, ನಿಮ್ಮ ಕಂಪ್ಯೂಟರಿಗೆ ಅದು ಇನ್ನೂ ಗೊತ್ತಿಲ್ಲ. ಲಾಗಿನ್ ಪರದೆಯ ಕೆಳಮೂಲೆಯ ನೆಟ್‌ವರ್ಕ್ ಚಿಹ್ನೆ ಒತ್ತಿ ವೈಫೈಗೆ ಸೇರಿಸಿ, ಅಥವಾ ಕೇಬಲ್ ಚುಚ್ಚಿ, ಆಮೇಲೆ ಹೊಸದನ್ನು ಹಾಕಿ. ಇಂಟರ್ನೆಟ್ ಇಲ್ಲದಿದ್ದರೆ ಅದು ಹಳೆಯದನ್ನೇ ಕೇಳುತ್ತಿರುತ್ತದೆ. "ಈ ಯಂತ್ರದಲ್ಲಿ ಕೊನೆಯ ಸಲ ಬಳಸಿದ ಪಾಸ್‌ವರ್ಡ್ ಹಾಕಿ ನೋಡಿ" ಎಂಬ ಸಂದೇಶ ಬರುವುದು ಇದೇ ಕಾರಣಕ್ಕೆ. ಪಾಸ್‌ವರ್ಡ್ ಹಾಕುವ ಜಾಗವೇ ಕಾಣದೆ ಪಿನ್ ಮಾತ್ರ ಕಾಣುತ್ತಿದ್ದರೆ, ವಿಂಡೋಸ್ ಹೆಲೋ (ಪಿನ್, ಮುಖ, ಬೆರಳಚ್ಚು) ಮೂಲಕ ಮಾತ್ರ ಪ್ರವೇಶ ಎಂಬ ಸೆಟ್ಟಿಂಗ್ ಆನ್ ಆಗಿದೆ ಎಂದರ್ಥ. ಪಿನ್ ಮರೆತಿದ್ದೇನೆ ಎಂಬ ಕೊಂಡಿ ಒತ್ತಿ, ಅಲ್ಲಿ ಹೊಸ ಪಾಸ್‌ವರ್ಡ್ ಕೊಟ್ಟು ಪಿನ್ ಹೊಸದಾಗಿ ಇಡಿ.

ನೋಂದಾಯಿಸಿದ ಫೋನ್ ನಂಬರೇ ಈಗ ಇಲ್ಲದಿದ್ದರೆ ರಿಕವರಿ ಫಾರ್ಮ್ ತುಂಬಬೇಕಾಗುತ್ತದೆ. ಹಿಂದೆ ಕಳಿಸಿದ ಇಮೇಲ್‌ಗಳ ವಿಷಯ, ಹಳೆಯ ಪಾಸ್‌ವರ್ಡ್‌ಗಳು, ಇಂಥ ವಿವರಗಳನ್ನು ಅದು ಕೇಳುತ್ತದೆ. ಎರಡು ಹಂತದ ಪರಿಶೀಲನೆ ಆನ್ ಇರುವ ಖಾತೆಗೆ ಈ ಫಾರ್ಮ್ ಉಪಯೋಗಕ್ಕೆ ಬರುವುದಿಲ್ಲ. ಇರುವ ಭದ್ರತಾ ಮಾಹಿತಿಯನ್ನೆಲ್ಲ ತೆಗೆದು ಹೊಸದು ಸೇರಿಸಿದರೆ 30 ದಿನ ಕಾಯಿಸುತ್ತದೆ. ಇದು ಕಳ್ಳರಿಂದ ಖಾತೆ ಉಳಿಸುವ ಏರ್ಪಾಡು, ಇದಕ್ಕೆ ಅಡ್ಡದಾರಿ ಇಲ್ಲ.

ಲೋಕಲ್ ಖಾತೆಗೆ ಸರ್ವರ್ ಇಲ್ಲ, ಎಲ್ಲವೂ ಆ ಕಂಪ್ಯೂಟರಿನೊಳಗೇ ಇದೆ. ಮೊದಲು ಒಂದು ಸಲ ತಪ್ಪು ಪಾಸ್‌ವರ್ಡ್ ಹಾಕಿ ಓಕೆ ಒತ್ತಿ, ರೀಸೆಟ್ ಪಾಸ್‌ವರ್ಡ್ ಕಾಣುತ್ತದೆಯೇ ನೋಡಿ. ವಿಂಡೋಸ್ 10ರ 1803 ಆವೃತ್ತಿಯಿಂದೀಚೆಗೆ ಲೋಕಲ್ ಖಾತೆ ತೆರೆಯುವಾಗ ಮೂರು ಭದ್ರತಾ ಪ್ರಶ್ನೆಗಳಿಗೆ ಉತ್ತರ ಕೇಳುತ್ತದೆ. ಮೂರಕ್ಕೂ ಅಂದು ಬರೆದಂತೆಯೇ ಉತ್ತರಿಸಿದರೆ ಹೊಸ ಪಾಸ್‌ವರ್ಡ್ ಇಡಬಹುದು. ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಎಂದು ಹಿಂದೊಮ್ಮೆ ಮಾಡಿಟ್ಟ ಪೆನ್‌ಡ್ರೈವ್ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಎಷ್ಟು ಸಲ ಪಾಸ್‌ವರ್ಡ್ ಬದಲಾಗಿದ್ದರೂ ಅದು ಕೆಲಸ ಮಾಡುತ್ತದೆ, ಉಳಿಸಿಟ್ಟ ಪಾಸ್‌ವರ್ಡ್‌ಗಳಂಥ ಗುಟ್ಟುಗಳನ್ನೂ ಕಾಪಾಡುತ್ತದೆ. ಆದರೆ ಅದನ್ನು ಮಾಡಿದ ಖಾತೆಗೆ, ಅದೇ ಯಂತ್ರದಲ್ಲಿ ಮಾತ್ರ.

ಇವೆರಡೂ ಇಲ್ಲ, ಆದರೆ ಮನೆಯಲ್ಲಿ ಬೇರೆಯವರ ಖಾತೆ ಅದೇ ಕಂಪ್ಯೂಟರಿನಲ್ಲಿದೆ, ಅದು ಅಡ್ಮಿನಿಸ್ಟ್ರೇಟರ್ ಖಾತೆ ಎಂದಾದರೆ ಅವರಿಂದ ಲಾಗಿನ್ ಮಾಡಿಸಿ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಬರುವ ಪಟ್ಟಿಯಲ್ಲಿ ಟರ್ಮಿನಲ್ ಅಡ್ಮಿನ್ ಆರಿಸಿ. ಅಲ್ಲಿ ನೆಟ್ ಯೂಸರ್ ಎಂಬ ಎರಡು ಪದಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಖಾತೆಗಳ ಹೆಸರು ಬರುತ್ತವೆ. ಲಾಗಿನ್ ಪರದೆಯಲ್ಲಿ ಕಾಣುವ ಹೆಸರಿಗೂ ಈ ಹೆಸರಿಗೂ ವ್ಯತ್ಯಾಸ ಇರಬಹುದು, ಇಲ್ಲಿ ಕಂಡದ್ದನ್ನೇ ಬಳಸಿ. ಮತ್ತೆ ಅದೇ ಎರಡು ಪದ, ಮುಂದೆ ಖಾತೆಯ ಹೆಸರು, ಅದರ ಮುಂದೆ ಜಾಗ ಬಿಟ್ಟು ಒಂದು ನಕ್ಷತ್ರ ಚಿಹ್ನೆ ಹಾಕಿ ಎಂಟರ್ ಒತ್ತಿ. ಹೊಸ ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ. ಟೈಪ್ ಮಾಡುವಾಗ ಪರದೆಯಲ್ಲಿ ಚುಕ್ಕಿಯೂ ಮೂಡುವುದಿಲ್ಲ, ಕೀಬೋರ್ಡ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಹೆಸರಿನಲ್ಲಿ ಜಾಗ ಇದ್ದರೆ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ.

ಆದರೆ ಎಂಟರ್ ಒತ್ತುವ ಮೊದಲು ಇದನ್ನು ತಿಳಿದುಕೊಳ್ಳಿ. ಹಳೆಯ ಪಾಸ್‌ವರ್ಡ್ ಕೊಟ್ಟು ಹೊಸದು ಇಡುವುದು ಬದಲಾವಣೆ. ಹಳೆಯದಿಲ್ಲದೆ ಇನ್ನೊಬ್ಬರು ಹೊಸದು ಹೇರುವುದು ರೀಸೆಟ್. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ವಿಂಡೋಸ್ ತಾನೇ ಪಾಸ್‌ವರ್ಡ್ ಕೂಡಿಡುವ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿರುವವು, ಖಾಸಗಿ ಸರ್ಟಿಫಿಕೇಟ್‌ಗಳು, ಪ್ರೊ ಆವೃತ್ತಿಯಲ್ಲಾದರೆ ವಿಂಡೋಸಿನಲ್ಲೇ ಎನ್‌ಕ್ರಿಪ್ಟ್ ಮಾಡಿದ (ಕೀಲಿ ಇಲ್ಲದೆ ಓದಲಾಗದಂತೆ ಗೂಢವಾಗಿಸಿದ) ಫೋಲ್ಡರ್‌ಗಳು, ಇವೆಲ್ಲಕ್ಕೂ ಬೀಗ ಹಾಕುವ ಕೀಲಿ ನಿಮ್ಮ ಪಾಸ್‌ವರ್ಡಿನಿಂದಲೇ ಹುಟ್ಟಿದ್ದು. ಬದಲಾವಣೆಯಲ್ಲಿ ವಿಂಡೋಸ್ ಹಳೆಯ ಕೀಲಿಯಿಂದ ಬೀಗ ತೆಗೆದು ಹೊಸ ಕೀಲಿಯಿಂದ ಹಾಕುತ್ತದೆ. ರೀಸೆಟ್‌ನಲ್ಲಿ ಹಳೆಯ ಕೀಲಿ ಕೈಯಲ್ಲಿಲ್ಲ, ಬೀಗ ಹಾಗೇ ಉಳಿಯುತ್ತದೆ. ಸಾಮಾನ್ಯ ಫೋಟೊ, ವರ್ಡ್ ಫೈಲ್‌ಗಳಿಗೆ ಇದರಿಂದ ಏನೂ ಆಗುವುದಿಲ್ಲ. ವೈಫೈ ಪಾಸ್‌ವರ್ಡ್‌ಗಳೂ ಉಳಿಯುತ್ತವೆ. ಕ್ರೋಮ್‌ನಲ್ಲಿ ಗೂಗಲ್ ಖಾತೆಯೊಂದಿಗೆ ಸಿಂಕ್ ಆಗಿದ್ದವೂ ಮರಳಿ ಬರುತ್ತವೆ. ಸಿಂಕ್ ಮಾಡದೆ ಆ ಕಂಪ್ಯೂಟರಿನಲ್ಲಷ್ಟೇ ಇದ್ದವು ಹೋಗುತ್ತವೆ. ಸಮಾಧಾನದ ಒಂದು ವಿಷಯ: ಮುಂದೆ ಎಂದಾದರೂ ಹಳೆಯ ಪಾಸ್‌ವರ್ಡ್ ನೆನಪಾದರೆ, ಖಾತೆಗೆ ಅದನ್ನೇ ಮತ್ತೆ ಇಟ್ಟರೆ ಆ ಬೀಗಗಳು ತೆರೆಯಬಹುದು. ಹಾಗಾಗಿ ಊಹೆಗಳ ಆ ಕಾಗದವನ್ನು ಎಸೆಯಬೇಡಿ.

ಬೇರೆ ಖಾತೆಯೂ ಇಲ್ಲದಿದ್ದಾಗ ಮಾತ್ರ ನಿಮ್ಮ ಪರಿಚಿತರು ಹೇಳಿದ ಮಾತಿಗೆ ಬರಬೇಕು. ಆಗಲೂ ಮೊದಲು ಫೈಲ್‌ಗಳನ್ನು ಹೊರತೆಗೆಯಿರಿ. ಇನ್ನೊಂದು ಕಂಪ್ಯೂಟರಿನಲ್ಲಿ 8 ಜಿಬಿಯ ಪೆನ್‌ಡ್ರೈವ್‌ಗೆ ಉಬುಂಟು ಲಿನಕ್ಸ್ ಹಾಕಿ, ಇನ್‌ಸ್ಟಾಲ್ ಮಾಡದೆ ಬರೀ ಟ್ರೈ ಎಂಬ ಆಯ್ಕೆಯಲ್ಲಿ ಬೂಟ್ ಮಾಡಿ, ವಿಂಡೋಸ್ ಡ್ರೈವಿನ ಯೂಸರ್ಸ್ ಫೋಲ್ಡರಿನಿಂದ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಡ್ರೈವ್ ಪೂರ್ತಿ ವಿಂಡೋಸಿನದೇ ಬೀಗವಾದ ಬಿಟ್‌ಲಾಕರ್‌ನಿಂದ ಎನ್‌ಕ್ರಿಪ್ಟ್ ಆಗಿದ್ದರೆ ಇದಕ್ಕೂ 48 ಅಂಕಿಯ ರಿಕವರಿ ಕೀ ಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಸಿದ್ಧಪಡಿಸಿದ ಯಂತ್ರಗಳಲ್ಲಿ ಆ ಕೀ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ, ಫೋನಿನಿಂದಲೇ ನೋಡಬಹುದು. ಕೀ ಇಲ್ಲದೆ ಆ ಡ್ರೈವಿನಿಂದ ಫೈಲ್ ತೆಗೆದುಕೊಡುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ವಿಂಡೋಸಿನ ಸಿಸ್ಟಂ ಫೈಲ್ ಅದಲುಬದಲು ಮಾಡಿ ಒಳಗೆ ನುಗ್ಗುವ ವಿಡಿಯೊಗಳನ್ನೂ ಅನುಸರಿಸಬೇಡಿ. ಎನ್‌ಕ್ರಿಪ್ಟ್ ಆದ ಡ್ರೈವಿನಲ್ಲಿ ಅವು ನಡೆಯುವುದಿಲ್ಲ, ನಡೆದ ಕಡೆ ಆಗುವುದೂ ಮೇಲೆ ಹೇಳಿದ ರೀಸೆಟ್ಟೇ.

ನಕಲು ಆದ ಮೇಲೆ ಲಾಗಿನ್ ಪರದೆಯ ಪವರ್ ಚಿಹ್ನೆಯಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ರೀಸೆಟ್ ದಿಸ್ ಪಿಸಿ ಎಂದು ಹೋಗಿ. ಅಲ್ಲಿ ಕೀಪ್ ಮೈ ಫೈಲ್ಸ್ ಎಂಬುದು ಆಕರ್ಷಕವಾಗಿ ಕಾಣುತ್ತದೆ. ಆದರೆ ಅದು ನೀವು ಹಾಕಿಕೊಂಡ ಪ್ರೋಗ್ರಾಂಗಳನ್ನು ತೆಗೆದುಹಾಕಿ, ಖಾತೆಗಳನ್ನು ಇದ್ದಂತೆಯೇ ಬಿಡುತ್ತದೆ. ಮರೆತ ಪಾಸ್‌ವರ್ಡಿಗೆ ಅದರಿಂದ ಪ್ರಯೋಜನವಿಲ್ಲ. ರಿಮೂವ್ ಎವೆರಿಥಿಂಗ್ ಒಂದೇ ಉಳಿಯುವ ದಾರಿ.

ಇನ್ನು ಆ ಅವಧಿ ಎಲ್ಲಿಂದ ಬಂತು ಎಂಬ ಪ್ರಶ್ನೆ. ಯಾರೂ ಇಡದಿದ್ದರೂ ವಿಂಡೋಸಿನ ಲೋಕಲ್ ಖಾತೆಗಳಿಗೆ 42 ದಿನದ ಮಿತಿ ಹುಟ್ಟಿನಿಂದಲೇ ಇದೆ. ಸೆಟ್ಟಿಂಗ್ಸ್ ಮೂಲಕ ತೆರೆದ ಖಾತೆಗೆ ಪಾಸ್‌ವರ್ಡ್ ಎಂದೂ ಮುಗಿಯದು ಎಂಬ ಗುರುತು ಸಾಮಾನ್ಯವಾಗಿ ತಾನಾಗಿ ಬೀಳುವುದರಿಂದ ಆ ಮಿತಿ ತಗಲುವುದಿಲ್ಲ. ಕಮಾಂಡ್ ಬಳಸಿ ತೆರೆದ ಖಾತೆಗೆ ಆ ಗುರುತು ಬೀಳುವುದಿಲ್ಲ. ಯಂತ್ರ ಸಿದ್ಧಪಡಿಸಿಕೊಟ್ಟವರು ಅವಸರದಲ್ಲಿ ಹಾಗೆ ತೆರೆದಿದ್ದರೆ, ಅಥವಾ ಯಾರಾದರೂ ಆ ಗುರುತು ತೆಗೆದಿದ್ದರೆ, ಹೀಗಾಗುತ್ತದೆ. ಕೊನೆಯ 5 ದಿನ ವಿಂಡೋಸ್ ಎಚ್ಚರಿಸುತ್ತದೆ, ಆದರೆ ಆ ಸೂಚನೆ ಮೂಲೆಯಲ್ಲಿ ಬಂದು ಹೋಗುವುದು ಬಹಳ ಜನರ ಗಮನಕ್ಕೇ ಬರುವುದಿಲ್ಲ.

ಈ ಅವಧಿಯನ್ನು ಮನೆಯಲ್ಲಿ ಉಳಿಸಿಕೊಳ್ಳುವ ಅಗತ್ಯ ಖಂಡಿತ ಇಲ್ಲ. ಕಾರಣವಿಲ್ಲದೆ ಅವಧಿ ಇಟ್ಟು ಪಾಸ್‌ವರ್ಡ್ ಬದಲಾಯಿಸಬಾರದೆಂದು ಅಮೆರಿಕದ ಮಾನದಂಡ ಸಂಸ್ಥೆ ಎನ್ಐಎಸ್‌ಟಿ 2017ರಲ್ಲೇ ಸಲಹೆ ಕೊಟ್ಟಿತು. ಮೈಕ್ರೋಸಾಫ್ಟ್ ಸಂಸ್ಥೆಗಳಿಗೆ ಕೊಡುವ ತನ್ನ ಭದ್ರತಾ ಶಿಫಾರಸುಗಳಿಂದ 2019ರಲ್ಲಿ ಇದನ್ನು ಕೈಬಿಟ್ಟಿತು. ಪದೇಪದೇ ಬದಲಾಯಿಸಬೇಕಾದವರು ಕೊನೆಯ ಅಂಕಿಯನ್ನಷ್ಟೇ ಒಂದೊಂದು ಏರಿಸುತ್ತಾರೆ, ಅದನ್ನು ಊಹಿಸುವುದು ಸುಲಭ. ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಾಗಿದೆ ಎಂಬ ಅನುಮಾನ ಬಂದ ದಿನ ಬದಲಾಯಿಸಿದರೆ ಸಾಕು.

ಒಳಗೆ ಹೋದ ಕೂಡಲೇ ಅದೇ ಟರ್ಮಿನಲ್ ಅಡ್ಮಿನ್ ತೆರೆಯಿರಿ. ನೆಟ್ ಅಕೌಂಟ್ಸ್ ಎಂಬ ಎರಡು ಪದ, ಒಂದು ಜಾಗ, ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿದಂತೆ ಎಂ, ಎ, ಎಕ್ಸ್, ಪಿ, ಡಬ್ಲ್ಯು, ಎ, ಜಿ, ಇ ಎಂಬ ಎಂಟು ಅಕ್ಷರ, ಕೋಲನ್, ಮತ್ತೆ ಜಾಗವಿಲ್ಲದೆ ಅನ್‌ಲಿಮಿಟೆಡ್ ಎಂಬ ಪದ. ಎಲ್ಲವೂ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಒಂದೇ ಸಾಲಿನಲ್ಲಿ. ಇದು ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ, ಆ ಕಂಪ್ಯೂಟರಿನ ಎಲ್ಲ ಲೋಕಲ್ ಖಾತೆಗಳಿಗೂ ಅನ್ವಯಿಸುತ್ತದೆ. ಎಕ್ಸ್‌ಪೈರ್ಸ್ ನೆವರ್ ಎಂಬ ಇನ್ನೊಂದು ಕಮಾಂಡನ್ನು ಇದಕ್ಕೆ ಬಳಸುವವರಿದ್ದಾರೆ. ಅದು ಖಾತೆಯ ಅವಧಿಗೆ ಸಂಬಂಧಿಸಿದ್ದು, ಪಾಸ್‌ವರ್ಡ್ ಅವಧಿಗಲ್ಲ. ಅದನ್ನು ಹಾಕಿ ನಿಶ್ಚಿಂತೆಯಾದರೆ 42 ದಿನ ಕಳೆದ ಮೇಲೆ ಇದೇ ಸಂದೇಶ ಮತ್ತೆ ಬರುತ್ತದೆ. ಆದ್ದರಿಂದ ಮುಗಿಸುವ ಮೊದಲು ನೆಟ್ ಯೂಸರ್ ಜೊತೆ ನಿಮ್ಮ ಖಾತೆಯ ಹೆಸರು ಕೊಟ್ಟು ಎಂಟರ್ ಒತ್ತಿ, ಬರುವ ಉದ್ದದ ಪಟ್ಟಿಯಲ್ಲಿ ಪಾಸ್‌ವರ್ಡ್ ಎಕ್ಸ್‌ಪೈರ್ಸ್ ಎಂಬ ಸಾಲನ್ನೇ ಹುಡುಕಿ. ಅದರ ಎದುರು ದಿನಾಂಕದ ಬದಲು ನೆವರ್ ಎಂದಿರಬೇಕು. ಮೇಲಿನ ಅಕೌಂಟ್ ಎಕ್ಸ್‌ಪೈರ್ಸ್ ಸಾಲಿನಲ್ಲಿ ನೆವರ್ ಕಂಡಿತೆಂದು ಅಲ್ಲಿಗೇ ನಿಲ್ಲಿಸಬೇಡಿ.